ಉಜ್ಜುವ ಮುನ್ನ ಮುಟ್ಟಿ ನೋಡಿ

ಬಿಳಿ ಕಾರಿನ ಹಿಂಭಾಗದಲ್ಲಿ, ಚಕ್ರದ ಆಸುಪಾಸಿನಲ್ಲಿ ಪುಟ್ಟ ಕಿತ್ತಳೆ ಚುಕ್ಕಿಗಳು ಕಂಡರೆ ಸಾಕು, ಮಾಲೀಕರಿಗೆ ಗಾಬರಿ: ಗಾಡಿಗೆ ತುಕ್ಕು ಹಿಡಿಯಿತು! ತುಕ್ಕೇನೋ ಹೌದು, ಆದರೆ ಸಾಮಾನ್ಯವಾಗಿ ಗಾಡಿಯ ತಗಡಿನದಲ್ಲ. ಬ್ರೇಕ್ ಹಾಕಿದಾಗಲೆಲ್ಲ ಪ್ಯಾಡು, ಡಿಸ್ಕುಗಳು ಸವೆದು ಕಬ್ಬಿಣದ ಕಣಗಳು ಕಾದು ಹಾರುತ್ತವೆ. ಬಣ್ಣದ ಮೇಲೆ ಕೂತು ಕಚ್ಚಿಕೊಳ್ಳುತ್ತವೆ. ನೀರು ತಾಗಿದ ಮೇಲೆ ತುಕ್ಕಾಗುತ್ತವೆ. ರೈಲು ಹಳಿಯ ಪಕ್ಕದಲ್ಲೋ ಪೀಣ್ಯದ ವರ್ಕ್‌ಶಾಪುಗಳ ಮಗ್ಗುಲಲ್ಲೋ ದಿನವಿಡೀ ನಿಲ್ಲುವ ಕಾರಿಗೆ ಈ ಕಾಟ ಇನ್ನೂ ಹೆಚ್ಚು.

ಶಾಂಪೂ ಹಾಕಿ ಎಷ್ಟು ತೊಳೆದರೂ ಇವು ಜಗ್ಗುವುದಿಲ್ಲ. ಆಗ ಸಿಗುವ ಸಲಹೆ ಒಂದೇ: ‘ರಬ್ಬಿಂಗ್ ಹೊಡೆಸಿಬಿಡಿ ಸಾರ್.’ ನನ್ನ ತಕರಾರು ಇರುವುದೇ ಇಲ್ಲಿ. ಬಣ್ಣವನ್ನು ಕಾಯುವ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40–50 ಮೈಕ್ರಾನ್ ದಪ್ಪ, ತಲೆಗೂದಲಿಗಿಂತ ತೆಳು. ರಬ್ಬಿಂಗ್ ಅಂದರೆ ಅದನ್ನೇ ತೇಯುವುದು. ತೇದದ್ದು ಮರಳಿ ಬಾರದು.

ಮೊದಲು ಕೊಳೆ ತೊಳೆದು, ಒದ್ದೆ ಬಾನೆಟ್ ಮೇಲೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡ ಕೈಯನ್ನು ಮೆಲ್ಲಗೆ ಆಡಿಸಿ. ಬರಿಗೈಗೆ ನುಣುಪೆನಿಸಿದ ಜಾಗವೇ ಈಗ ತರಿತರಿಯಾಗಿ ತಾಕುತ್ತದೆ. ತಾಕದಿದ್ದರೆ ಮುಂದೇನೂ ಮಾಡಬೇಡಿ.

ತಾಕಿತು ಅನ್ನಿ. ಡಾಂಬರಿನ ಕಪ್ಪು ಕಲೆಗೆ ಟಾರ್ ರಿಮೂವರ್ ಸಾಕು. ಬಟ್ಟೆಯನ್ನು ಅದರಲ್ಲಿ ಅದ್ದಿ ಕ್ಷಣ ಒತ್ತಿ ಹಿಡಿದರೆ ಕಲೆ ಕರಗುತ್ತದೆ. ಕಬ್ಬಿಣಕ್ಕೆ ಐರನ್ ರಿಮೂವರ್. ಇದು ನನ್ನ ಅಚ್ಚುಮೆಚ್ಚು. ಇದರಲ್ಲಿರುವುದು ಥಯೋಗ್ಲೈಕೊಲೇಟ್ ಲವಣ. ಸಲೂನಿನಲ್ಲಿ ಕೂದಲನ್ನು ಗುಂಗುರಾಗಿಸುವ ದ್ರಾವಣದಲ್ಲೂ ಇದೇ ಜಾತಿಯ ರಾಸಾಯನಿಕ. ಇದನ್ನು ಸಿಂಪಡಿಸಿ, ಕೊಳೆತ ಮೊಟ್ಟೆಯ ನಾತ ಸಹಿಸಿಕೊಂಡು ಎರಡು ಮೂರು ನಿಮಿಷ ಕಾಯಿರಿ. ಕಣ ಇದ್ದಲ್ಲೆಲ್ಲ ನೇರಳೆ ಬಣ್ಣ ಮೂಡಿ, ಬಿಳಿ ಬಾಗಿಲಿನ ಮೇಲೆ ಗೆರೆಗೆರೆಯಾಗಿ ಇಳಿಯುತ್ತದೆ. ಉಜ್ಜದೆಯೇ ಕಬ್ಬಿಣ ಕರಗುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಕೈಗವಸು ಇರಲಿ, ಗಾಡಿ ನೆರಳಿನಲ್ಲಿ ತಣ್ಣಗಿರಲಿ, ದ್ರಾವಣ ಒಣಗುವ ಮೊದಲೇ ಧಾರಾಳ ನೀರು ಹಾಯಿಸಿ.

ಇಷ್ಟಾದ ಮೇಲೂ ಉಳಿದದ್ದಕ್ಕೆ ಮಾತ್ರ ಕ್ಲೇ ಬಾರ್. ಜಪಾನಿನ ತಡಾವೊ ಕೊಡಾಟೆ 1995ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಈ ಮೆತ್ತನೆಯ ಮುದ್ದೆಯೊಳಗೆ ನವಿರಾದ ತೇಯುವ ಪುಡಿ ಇರುತ್ತದೆ. ಆದ್ದರಿಂದ ಲೂಬ್ರಿಕೆಂಟ್ ಸಿಂಪಡಿಸದೆ ಮುಟ್ಟಿಸಬಾರದು. ಬೆರಳಿನ ಭಾರವೂ ಬೀಳದ ಹಾಗೆ ನೇರ ಗೆರೆಯಲ್ಲಿ ಓಡಿಸಿ. ಸುತ್ತಿ ಸುತ್ತಿ ತಿಕ್ಕಬೇಡಿ. ಮೊದಮೊದಲು ಸರಸರ ಸದ್ದು, ಹಿಡಿದು ಹಿಡಿದು ಬಿಟ್ಟಂತೆ ಓಟ. ಕಣಗಳು ಕಿತ್ತುಬಂದಂತೆ ಸದ್ದು ಅಡಗಿ ಕೈ ಜಾರತೊಡಗುತ್ತದೆ. ಅಲ್ಲಿಗೆ ನಿಲ್ಲಿಸಿ. ಮುದ್ದೆಯನ್ನು ಆಗಾಗ ಮಡಚಿ ಹೊಸ ಮೈ ತೆಗೆಯಿರಿ. ನೆಲಕ್ಕೆ ಬಿದ್ದರೆ, ಎಷ್ಟೇ ದುಬಾರಿಯಾದರೂ, ಎಸೆದುಬಿಡಿ; ಅದಕ್ಕೆ ಅಂಟಿದ ಒಂದು ಮರಳ ಕಣ ಇಡೀ ಬಾನೆಟ್ ಗೀರುತ್ತದೆ.

ಬೋರ್‌ವೆಲ್ ನೀರು ಒಣಗಿ ಉಳಿಸುವ ಬಿಳಿ ಉಂಗುರಗಳಿಗೆ ಕ್ಲೇ ಅಷ್ಟಾಗಿ ನಾಟದು. ಅದು ಸುಣ್ಣದ ಅಂಶ. ನೀರು ಬೆರೆಸಿದ ವಿನೆಗರ್ ಒರೆಸಿ, ಕೂಡಲೇ ತೊಳೆಯಬೇಕು.

ಕ್ಲೇ ಹಳೆಯ ವ್ಯಾಕ್ಸನ್ನೂ ಎಬ್ಬಿಸಿಬಿಡುತ್ತದೆ. ಹಾಗಾಗಿ ಅದೇ ದಿನ ಹೊಸ ವ್ಯಾಕ್ಸ್ ಅಥವಾ ಸೀಲೆಂಟ್ ಹಚ್ಚಿ. ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ ಇದಿಷ್ಟನ್ನೂ ಮಾಡಿದರೆ ನಮ್ಮ ರಸ್ತೆಗಳ ಕಾರಿಗೆ ಬೇಕಾದಷ್ಟಾಯಿತು. ಪ್ರತಿ ಸರ್ವಿಸಿನಲ್ಲೂ ರಬ್ಬಿಂಗ್ ಪಾಲಿಶ್ ಬಿಲ್ಲಿಗೆ ಸೇರಿಸುವವರಿಗೆ ಬೇಡವೆಂದು ಖಡಾಖಂಡಿತವಾಗಿ ಹೇಳಿ.