ಫುಟ್‌ಬಾಲ್ ಹೊರಟಿತು, ಬೆಲೆ ತೆತ್ತದ್ದು ಉಳಿದ ಆಟಗಳು

2024ರ ಸೆಪ್ಟೆಂಬರ್ 14, ಸಿಯಾಟಲ್‌ನ ಲ್ಯೂಮೆನ್ ಫೀಲ್ಡ್. ಅಮೆರಿಕನ್ ಫುಟ್‌ಬಾಲ್ ಪಂದ್ಯ ಮುಗಿಯಲು ಒಂದು ನಿಮಿಷ ಚಿಲ್ಲರೆ ಬಾಕಿ. ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಐದು ಅಂಕ ಹಿಂದಿದೆ. ಗೆರೆ ಮುಟ್ಟಲು ಬೇಕಿರುವುದು ಒಂದೇ ಗಜ, ಕೈಯಲ್ಲಿರುವುದು ನಾಲ್ಕನೆಯ ಹಾಗೂ ಕೊನೆಯ ಯತ್ನ. ಕ್ವಾರ್ಟರ್‌ಬ್ಯಾಕ್ ಅಂಚಿನತ್ತ ಓಡುತ್ತಲೇ ಚೆಂಡನ್ನು ಪಕ್ಕದ ಓಟಗಾರನಿಗೆ ಹಾಕಿದ. ವಾಷಿಂಗ್ಟನ್ ಸ್ಟೇಟ್ ಹುಡುಗರು ಅವನನ್ನು ಗೆರೆಯ ಇತ್ತಲೇ ಕೆಡವಿಬಿಟ್ಟರು. ಪಂದ್ಯ 24–19.

ಗೆದ್ದವರ ಊರು ಪುಲ್‌ಮನ್. ಸಿಯಾಟಲ್‌ನಿಂದ ಪೂರ್ವಕ್ಕೆ ಸುಮಾರು 450 ಕಿ.ಮೀ., ಗೋಧಿ ಬೆಳೆಯುವ ಗುಡ್ಡಗಳ ನಡುವಿನ ಸಣ್ಣ ಊರು. ಈ ಎರಡು ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಹಣಾಹಣಿ ಶುರುವಾದದ್ದು 1900ರಲ್ಲಿ. 'ಆ್ಯಪಲ್ ಕಪ್' ಎಂದು ಕರೆಯುವ ಈ ಪಂದ್ಯ ಬಹುಕಾಲ ನಡೆಯುತ್ತಿದ್ದುದು ಋತುವಿನ ಕೊನೆಗೆ, ನವೆಂಬರ್ ಚಳಿಯಲ್ಲಿ. ಈಗ ಸೆಪ್ಟೆಂಬರ್‌ಗೆ ಬಂದು ಕೂತಿದೆ. ಇಬ್ಬರೂ ಒಂದೇ ಕಾನ್ಫರೆನ್ಸ್‌ನಲ್ಲಿ ಉಳಿದಿಲ್ಲ, ಅದಕ್ಕೆ. ಆ ಗೆಲುವಿನ ಸಂಭ್ರಮವೂ ಬಹಳ ದಿನ ಬಾಳಲಿಲ್ಲ. ಅದೇ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಜಾನ್ ಮಟೀರ್ ಓಕ್ಲಹೋಮಾಗೆ ಹೋದರು, ಕೋಚ್ ಜೇಕ್ ಡಿಕರ್ಟ್ ವೇಕ್ ಫಾರೆಸ್ಟ್‌ಗೆ ಹೋದರು. ಎರಡೂ ದೊಡ್ಡ ಕಾನ್ಫರೆನ್ಸ್‌ಗಳ ತಂಡಗಳು.

ಕಾನ್ಫರೆನ್ಸ್ ಎಂದರೆ ಕಾಲೇಜುಗಳ ಕ್ರೀಡಾ ಒಕ್ಕೂಟ. ನಮ್ಮ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಗಳಿಗೆ ದಕ್ಷಿಣ ವಲಯ, ಉತ್ತರ ವಲಯ ಇರುವ ಹಾಗೆ ಅದೂ ಹುಟ್ಟಿದ್ದು ನೆರೆಹೊರೆಯ ಲೆಕ್ಕದಲ್ಲಿ. ಬಸ್ಸು ಹತ್ತಿ ಹೋಗಿ, ಆಡಿ, ಸೋಮವಾರ ತರಗತಿಗೆ ಮರಳುವಷ್ಟು ದೂರದವರು ಒಂದು ಗುಂಪು. ಕಾಲೇಜು ಕ್ರೀಡೆ ನನಗೆ ವೃತ್ತಿಪರ ಲೀಗುಗಳಿಗಿಂತ ಪ್ರಿಯವಾಗಿರುವುದೂ ಇದಕ್ಕೇ. ಎದುರಾಳಿ ಎಂದರೆ ಪಕ್ಕದೂರಿನವನು. ಒಂದೇ ಮನೆಯ ಅಣ್ಣ ಈ ಕಾಲೇಜು, ತಂಗಿ ಆ ಕಾಲೇಜು. ಈ ಹಗೆತನದಲ್ಲಿ ನಂಟಸ್ತನವೂ ಇದೆ.

ಈ ಲೆಕ್ಕ ತಪ್ಪತೊಡಗಿದ್ದು 1984ರಲ್ಲಿ. ಅಲ್ಲಿಯವರೆಗೆ ಕಾಲೇಜು ಫುಟ್‌ಬಾಲಿನ ಟಿ.ವಿ. ಪ್ರಸಾರವನ್ನು ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಹಿಡಿತದಲ್ಲಿಟ್ಟುಕೊಂಡಿತ್ತು. ಓಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಹೂಡಿದ ದಾವೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7–2ರ ತೀರ್ಪು ಕೊಟ್ಟು ಆ ಹಿಡಿತ ಬಿಡಿಸಿತು. ಅಂದಿನಿಂದ ಪ್ರಸಾರದ ಹಕ್ಕು ಮಾರುವವರು ಕಾಲೇಜುಗಳು ಮತ್ತು ಅವುಗಳ ಕಾನ್ಫರೆನ್ಸ್‌ಗಳು. ಹೆಚ್ಚು ಮನೆಗಳಿರುವ ನಗರಗಳನ್ನು ಸೇರಿಸಿಕೊಂಡರೆ ಹೆಚ್ಚು ಹಣ. 2022ರಲ್ಲಿ 'ಬಿಗ್ ಟೆನ್' ಕಾನ್ಫರೆನ್ಸ್ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಮೀರಿದ ಒಪ್ಪಂದ ಮಾಡಿಕೊಂಡಿತು. ಅದಕ್ಕೆ ಕೆಲವೇ ವಾರ ಮೊದಲು ಲಾಸ್ ಏಂಜಲೀಸ್‌ನ ಯುಎಸ್‌ಸಿ, ಯುಸಿಎಲ್‌ಎ ಎರಡನ್ನೂ ತನ್ನ ಕಡೆ ಎಳೆದುಕೊಂಡಿತ್ತು.

ಅವೆರಡೂ ಬಿಟ್ಟು ಹೊರಟದ್ದು 1915ರಲ್ಲಿ ಬೇರುಬಿಟ್ಟ ಪಶ್ಚಿಮ ಕರಾವಳಿಯ ಒಕ್ಕೂಟ 'ಪ್ಯಾಕ್-12' ಅನ್ನು. 2023ರಲ್ಲಿ ಅದಕ್ಕೆ ತಕ್ಕ ಟಿ.ವಿ. ಒಪ್ಪಂದ ಕುದುರಲಿಲ್ಲ. ಜುಲೈನಲ್ಲಿ ಕೊಲರಾಡೊ ಹೋಯಿತು. ಆಗಸ್ಟ್ 4ರಂದು ಒಂದೇ ದಿನ ಐದು ವಿಶ್ವವಿದ್ಯಾಲಯಗಳು ಎದ್ದವು: ಆರಿಗನ್, ವಾಷಿಂಗ್ಟನ್ ಬಿಗ್ ಟೆನ್‌ಗೆ, ಆರಿಜೋನಾ, ಆರಿಜೋನಾ ಸ್ಟೇಟ್, ಯೂಟಾ 'ಬಿಗ್ 12'ಕ್ಕೆ. ಸೆಪ್ಟೆಂಬರ್ 1ಕ್ಕೆ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಕೂಡ ಹೊರಟವು, ಅದೂ ಅಟ್ಲಾಂಟಿಕ್ ಕರಾವಳಿಯ ಹೆಸರು ಹೊತ್ತ ಎಸಿಸಿಗೆ. ಹನ್ನೆರಡರಲ್ಲಿ ಉಳಿದವರು ಪುಲ್‌ಮನ್‌ನ ವಾಷಿಂಗ್ಟನ್ ಸ್ಟೇಟ್ ಮತ್ತು ಕೊರ್ವಾಲಿಸ್‌ನ ಆರಿಗನ್ ಸ್ಟೇಟ್. ಇವರು ಆಟದಲ್ಲಿ ಸೋತು ಹಿಂದುಳಿದವರಲ್ಲ. ಇವರ ಊರುಗಳಲ್ಲಿ ಟಿ.ವಿ. ಮುಂದೆ ಕೂರುವ ಮನೆಗಳು ಕಡಿಮೆ, ಅಷ್ಟೇ.

ಕೊರ್ವಾಲಿಸ್‌ನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡವನ್ನೇ ನೋಡಿ. 2024ರ ಮಾರ್ಚ್‌ನಲ್ಲಿ ಅದು ರಾಷ್ಟ್ರದ ಕೊನೆಯ ಎಂಟು ತಂಡಗಳಲ್ಲಿ ಒಂದು. ಋತು ಮುಗಿದದ್ದೇ ತಡ, ರೇಗನ್ ಬಿಯರ್ಸ್ ಓಕ್ಲಹೋಮಾಗೆ, ಟಾಲಿಯಾ ವಾನ್ ಓಲ್‌ಹಾಫನ್ ಯುಎಸ್‌ಸಿಗೆ, ಟಿಮಿಯಾ ಗಾರ್ಡಿನರ್ ಯುಸಿಎಲ್‌ಎಗೆ ಹೊರಟರು. ಆಟಗಾರ್ತಿಯರನ್ನು ನಾನು ದೂರುವುದಿಲ್ಲ. ನಾಲ್ಕೇ ವರ್ಷದ ಆಟದ ಬದುಕು ಅವರದು. ಅಳಿದುಳಿದ ತಂಡ ಕ್ಯಾಲಿಫೋರ್ನಿಯಾ ಕಡೆಯ ಸಣ್ಣ ಕಾಲೇಜುಗಳೇ ಹೆಚ್ಚಿರುವ 'ವೆಸ್ಟ್ ಕೋಸ್ಟ್' ಒಕ್ಕೂಟದಲ್ಲಿ ಆಡಿ, 2025ರಲ್ಲಿ ಅಲ್ಲಿನ ಟೂರ್ನಿ ಗೆದ್ದು, ಮತ್ತೆ ರಾಷ್ಟ್ರೀಯ ಕೂಟಕ್ಕೆ ನಡೆದೇಬಿಟ್ಟಿತು. ಅದೇ ವರ್ಷ ಇದೇ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡ ಯಾವ ಕಾನ್ಫರೆನ್ಸ್‌ಗೂ ಸೇರದೆ, ಊರೂರು ಅಲೆದು ಆಡಿ, ಒಮಾಹಾದ ಕಾಲೇಜ್ ವರ್ಲ್ಡ್ ಸೀರೀಸ್ ತಲುಪಿತು. ಇಂಥ ತಂಡಗಳಿಗೆ ಯೋಗ್ಯತೆಯ ಕೊರತೆ ಇತ್ತೆಂದು ಯಾರೂ ಹೇಳಲಾರರು.

ಹೊಡೆತ ಪುಲ್‌ಮನ್, ಕೊರ್ವಾಲಿಸ್‌ಗಳಿಗೇ ನಿಂತಿಲ್ಲ. ಟೆಕ್ಸಸ್, ಓಕ್ಲಹೋಮಾ ಎಸ್‌ಇಸಿ ಕಾನ್ಫರೆನ್ಸ್‌ಗೆ ಹೊರಟಾಗ ಬಿಗ್ 12 ಆ ಜಾಗ ತುಂಬಲು 'ಅಮೆರಿಕನ್' ಕಾನ್ಫರೆನ್ಸ್‌ನಿಂದ ಮೂವರನ್ನು ತೆಗೆದುಕೊಂಡಿತು; ಅಮೆರಿಕನ್ ತನ್ನ ಜಾಗ ತುಂಬಲು 'ಕಾನ್ಫರೆನ್ಸ್ ಯುಎಸ್‌ಎ'ಯಿಂದ ಆರು ಜನರನ್ನು; ಅದು ಇನ್ನೂ ಕೆಳಗಿನಿಂದ. ಮೇಲಿನವರು ಒಂದು ಹೆಜ್ಜೆ ಸರಿದರೆ ಕೊನೆಯ ಸಾಲಿನವರು ಬಯಲಿಗೆ ಬೀಳುತ್ತಾರೆ. ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ 2025ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಕೂಟದಲ್ಲಿ ಆಡಿ ಎರಡೇ ಅಂಕಗಳಿಂದ ಸೋತಿತು. ಅದಾದ ಒಂದು ವಾರಕ್ಕೆ, ಒಂದನೆಯ ದರ್ಜೆ ಬಿಟ್ಟು ಕ್ರೀಡಾ ವಿದ್ಯಾರ್ಥಿವೇತನವಿಲ್ಲದ ಮೂರನೆಯ ದರ್ಜೆಗೆ ಇಳಿಯುವುದಾಗಿ ವಿಶ್ವವಿದ್ಯಾಲಯ ಪ್ರಕಟಿಸಿತು. ಆಟಗಾರರಿಗೆ ಹಣ ಕೊಡುವ ಹೊಸ ಕಾಲದಲ್ಲಿ ಸರಿಸಮ ನಿಲ್ಲುವುದು ಅದಕ್ಕೆ ಸಾಧ್ಯವಿರಲಿಲ್ಲ.

ನನಗೆ ಎಲ್ಲಕ್ಕಿಂತ ನೋವು ತಂದದ್ದು 2025ರ ಜೂನ್‌ನಲ್ಲಿ ಪುಲ್‌ಮನ್‌ನಿಂದ ಬಂದ ಸುದ್ದಿ. ವಾಷಿಂಗ್ಟನ್ ಸ್ಟೇಟ್ ತನ್ನ ಅಥ್ಲೆಟಿಕ್ಸ್ ತಂಡದಲ್ಲಿ ಎಸೆತ ಮತ್ತು ಜಿಗಿತದ ಸ್ಪರ್ಧೆಗಳನ್ನು ಕೈಬಿಟ್ಟು, ಕಡಿಮೆ ದೂರದ ಓಟವನ್ನು ಮೊಟಕುಗೊಳಿಸಿ, ಮುಖ್ಯವಾಗಿ ದೂರದ ಓಟಕ್ಕೆ ಸೀಮಿತವಾಗಲು ತೀರ್ಮಾನಿಸಿತು. ಕೀನ್ಯಾದ ಓಟಗಾರ ಹೆನ್ರಿ ರೊನೊ ಇಲ್ಲಿ ಓದುತ್ತಿದ್ದಾಗಲೇ 1978ರಲ್ಲಿ 81 ದಿನಗಳೊಳಗೆ ನಾಲ್ಕು ವಿಶ್ವದಾಖಲೆ ಬರೆದಿದ್ದರು. ಅಂಥ ಅಂಗಳದಲ್ಲಿ ಇನ್ನು ಡಿಸ್ಕಸ್ ಇಲ್ಲ, ಜಾವೆಲಿನ್ ಇಲ್ಲ.

ಇದು ಎಲ್ಲೋ ದೂರದ ಮಾತಲ್ಲ. ಮೈಸೂರಿನಲ್ಲಿ ಹುಟ್ಟಿ ಮೇರಿಲ್ಯಾಂಡ್‌ನಲ್ಲಿ ಬೆಳೆದ ವಿಕಾಸ್ ಗೌಡ ಡಿಸ್ಕಸ್‌ನಲ್ಲಿ ಪಳಗಿದ್ದು ಇಂಥದೇ ವ್ಯವಸ್ಥೆಯಲ್ಲಿ. ನಾರ್ತ್ ಕ್ಯಾರಲೈನಾ ವಿಶ್ವವಿದ್ಯಾಲಯದ ಪರ 2006ರಲ್ಲಿ ಎನ್‌ಸಿಎಎ ಚಾಂಪಿಯನ್ ಆದರು. ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದರು. 2014ರಲ್ಲಿ ಗ್ಲಾಸ್ಗೋದಲ್ಲಿ ಭಾರತಕ್ಕೆ ಕಾಮನ್‌ವೆಲ್ತ್ ಚಿನ್ನ ತಂದರು. ಪುರುಷರ ಅಥ್ಲೆಟಿಕ್ಸ್‌ನಲ್ಲಿ 1958ರ ಮಿಲ್ಖಾ ಸಿಂಗ್ ನಂತರದ ಮೊದಲ ಚಿನ್ನ ಅದು. ಡಿಸ್ಕಸ್ ನೋಡಲು ಟಿಕೆಟ್ ಕೊಳ್ಳುವವರು ವಿರಳ. ಆದರೂ ಕೋಚ್, ವೃತ್ತ, ವ್ಯಾಯಾಮಶಾಲೆ, ವಿದ್ಯಾರ್ಥಿವೇತನ ಎಲ್ಲ ಸಿಗುತ್ತಿತ್ತು. ಫುಟ್‌ಬಾಲಿನ ದುಡಿಮೆಯಲ್ಲಿ ಉಳಿದ ಆಟಗಳಿಗೂ ಪಾಲಿತ್ತು.

ಪರಿಹಾರ ತಿಳಿಯದ್ದೇನಲ್ಲ. ಟಿ.ವಿ.ಗೆ ಬೇಕಿರುವುದು ಮುಖ್ಯವಾಗಿ ಫುಟ್‌ಬಾಲ್. ಅದು ಬೇಕಾದರೆ ದೇಶ ಸುತ್ತಲಿ. ಅದಕ್ಕಾಗಿ ಲಾಸ್ ಏಂಜಲೀಸ್‌ನ ವಾಲಿಬಾಲ್ ಹುಡುಗಿಯರು ಪರೀಕ್ಷೆಯ ದಿನಗಳಲ್ಲಿ ಸುಮಾರು 4,000 ಕಿ.ಮೀ. ದೂರದ ನ್ಯೂಜೆರ್ಸಿಗೆ ಬಿಗ್ ಟೆನ್ ಪಂದ್ಯಕ್ಕಾಗಿ ಹಾರಬೇಕಾಗಿಲ್ಲ. ನೋಟ್ರ ಡೇಮ್ 2013ರಿಂದಲೇ ಫುಟ್‌ಬಾಲನ್ನು ಸ್ವತಂತ್ರವಾಗಿಟ್ಟು ಉಳಿದ ಬಹುಪಾಲು ಆಟಗಳನ್ನು ಎಸಿಸಿಯಲ್ಲಿ ಆಡುತ್ತಿದೆ. ಅಂದರೆ ಒಂದು ಕಾಲೇಜಿನ ಎಲ್ಲ ಆಟಗಳೂ ಒಂದೇ ಒಕ್ಕೂಟಕ್ಕೆ ಕಟ್ಟುಬೀಳಬೇಕೆಂಬ ನಿಯಮವೇ ಇಲ್ಲ. ವಾಷಿಂಗ್ಟನ್ ಸ್ಟೇಟ್, ಆರಿಗನ್ ಸ್ಟೇಟ್ ಇಬ್ಬರೂ ನ್ಯಾಯಾಲಯದ ಮೆಟ್ಟಿಲೇರಿ ಪ್ಯಾಕ್-12ರ ಹೆಸರು, ಹಣ ಕಾಪಾಡಿಕೊಂಡು, 2026ರಿಂದ ಬಾಯ್ಸಿ ಸ್ಟೇಟ್, ಫ್ರೆಸ್ನೊ ಸ್ಟೇಟ್, ಗೊಂಜಾಗಾ ಮೊದಲಾದವರೊಡನೆ ಅದನ್ನು ಮತ್ತೆ ಕಟ್ಟಲು ಹೊರಟಿದ್ದಾರೆ. ಗೊಂಜಾಗಾದ ಊರು ಸ್ಪೊಕೇನ್, ಪುಲ್‌ಮನ್‌ನಿಂದ ಸುಮಾರು 120 ಕಿ.ಮೀ. ಆ ಬಗೆಯ ನೆರೆತನವನ್ನು ಕಾಲೇಜುಗಳು ಮೊದಲು ಗಟ್ಟಿಮಾಡಿಕೊಳ್ಳಲಿ. ಫುಟ್‌ಬಾಲಿನ ಆದಾಯದಲ್ಲಿ ಎಸೆಯುವವರಿಗೆ, ಜಿಗಿಯುವವರಿಗೆ ನಿಗದಿಯಾದ ಪಾಲು ಮೀಸಲಿಡುವ ನಿಯಮವನ್ನು ಎನ್‌ಸಿಎಎ ಮತ್ತು ಕಾನ್ಫರೆನ್ಸ್‌ಗಳು ತರಲಿ. ಮುಂದಿನ ಪ್ರಸಾರ ಒಪ್ಪಂದಗಳಿಗೆ ಸಹಿ ಬೀಳುವ ಮೊದಲೇ ಈ ಕೆಲಸ ಆಗಬೇಕು. ಒಮ್ಮೆ ಮುಚ್ಚಿದ ತಂಡ ಮತ್ತೆ ತೆರೆಯುವುದು ಅಪರೂಪ.