ಜೋಡಿಯ ಆರ್ಗ್ಯುಮೆಂಟೂ ಬಿಡಿಯ ಆರ್ಗ್ಯುಮೆಂಟೂ

ಪ್ರೋಗ್ರಾಂ ನಡೆಯುವ ಮುನ್ನವೇ ಟೈಪುಗಳನ್ನು ಪರಿಶೀಲಿಸುವ ಫಂಕ್ಷನಲ್ ಭಾಷೆಗಳಲ್ಲಿ, ಎರಡು ಆರ್ಗ್ಯುಮೆಂಟುಗಳನ್ನು ಬೇಡುವ ಫಲನವನ್ನು ಎರಡು ಬಗೆಯಾಗಿ ಬರೆಯಬಹುದು. ಎರಡನ್ನೂ ಒಂದು ಟ್ಯೂಪಲ್ ಆಗಿ ಕಟ್ಟಿ ಒಮ್ಮೆಗೇ ಒಪ್ಪಿಸುವುದು ಒಂದು ಬಗೆ. ಮೊದಲನೆಯದನ್ನು ಪಡೆದು, ಎರಡನೆಯದಕ್ಕಾಗಿ ಕಾದಿರುವ ಬೇರೊಂದು ಫಲನವನ್ನು ಹಿಂದಿರುಗಿಸುವುದು ಮತ್ತೊಂದು. ಈ ಎರಡನೆಯ ಉಪಾಯವು ಮೋಸೆಸ್ ಶೋನ್‌ಫಿಂಕೆಲರ 1924ರ ಲೇಖನದಲ್ಲಿಯೇ ಉಂಟು. ಆದರೂ ಹ್ಯಾಸ್ಕೆಲ್ ಕರಿಯವರ ಹೆಸರಿನಿಂದ ಅದು ‘ಕರಿಯಿಂಗ್’ ಎನಿಸಿಕೊಂಡಿತು. ಇದಕ್ಕೆ ಕರಿಯವರು ಹೊಣೆಯಲ್ಲ. ಅವರು ಶೋನ್‌ಫಿಂಕೆಲರನ್ನು ಸ್ಮರಿಸಿದವರೇ.

ಇವೆರಡೂ ಸಮಾನ, ಆಯ್ಕೆಯು ಕೇವಲ ಅಭಿರುಚಿಯದು ಎಂಬ ಮಾತು ಪಾಠಹೇಳುವವರಲ್ಲಿ ರೂಢಿಯಾಗಿದೆ. ಗಣಗಳ ಗಣಿತದಲ್ಲಿ ಇದು ನಿಜ. ಭಾಷೆಗಳೊಳಗೆ ಇದು ಪೂರ್ತಿ ನಿಜವಲ್ಲವೆಂದು ನಾವು ಭಾವಿಸುತ್ತೇವೆ. ಹ್ಯಾಸ್ಕೆಲ್ ಭಾಷೆಯಲ್ಲಿ ಎಂದಿಗೂ ಮುಗಿಯದ ಲೆಕ್ಕವೊಂದು ಜೋಡಿಯ ಸ್ಥಾನದಲ್ಲಿರಬಹುದು. ಅದೂ, ಎರಡು ಅಂಗಗಳೂ ಮುಗಿಯದ ಜೋಡಿಯೂ ಒಂದೇ ಅಲ್ಲ. ಸ್ಟ್ಯಾಂಡರ್ಡ್ ಎಂಎಲ್‌ನಲ್ಲಾದರೋ ಮೊದಲ ಆರ್ಗ್ಯುಮೆಂಟು ದೊರೆತೊಡನೆ ಫಲನವು ಏನನ್ನಾದರೂ ಅಚ್ಚಿಸಿ, ಆಮೇಲೆ ಎರಡನೆಯದಕ್ಕೆ ಕಾಯಬಹುದು. ಜೋಡಿಯಲ್ಲಿ ಆ ನಡುವಣ ಕ್ಷಣವೇ ಇಲ್ಲ.

ವಿದ್ಯಾರ್ಥಿಗೆ ತಟ್ಟುವ ವ್ಯತ್ಯಾಸ ಬೇರೆಯದು. ಓಕ್ಯಾಮಲ್‌ನಲ್ಲಿ ಅವನು ಒಂದು ಆರ್ಗ್ಯುಮೆಂಟನ್ನು ಮರೆತನೆನ್ನೋಣ. ಕಂಪೈಲರ್ ಅಲ್ಲಿ ತಪ್ಪು ಕಾಣದು. ದೊರೆತದ್ದು ನ್ಯಾಯವಾದ ಒಂದು ಫಲನವೇ. ಫಲಿತವನ್ನು ಬಿಸುಟಿದ್ದರೆ ಎಚ್ಚರಿಕೆ ಬರುವುದುಂಟು. ಹೆಸರಿಟ್ಟು ಮುಂದೆ ಸಾಗಿದರೆ ಅದೂ ಇಲ್ಲ. ಅದನ್ನು ಸಂಖ್ಯೆಯೆಂದು ಬಳಸಿದ ದೂರದ ಸಾಲಿನಲ್ಲಿ ದೂರು ಏಳುತ್ತದೆ, ಹುಡುಗನು ತಪ್ಪಿಲ್ಲದ ಸಾಲನ್ನು ತಿದ್ದತೊಡಗುತ್ತಾನೆ. ಟ್ಯೂಪಲ್ ಆಗಿದ್ದರೆ ದೂರು ತಪ್ಪಿನ ಸ್ಥಳದಲ್ಲಿಯೇ ಏಳುತ್ತಿತ್ತು.

ಹಾಗೆಂದು ಟ್ಯೂಪಲ್ಲೇ ಶ್ರೇಷ್ಠವೆಂದು ನಮ್ಮ ವಾದವಲ್ಲ. ಸ್ಟ್ಯಾಂಡರ್ಡ್ ಎಂಎಲ್‌ನ ಮೂಲ ಗ್ರಂಥಾಲಯದ ‘ಫೋಲ್ಡ್‌ಎಲ್’ ಫಲನವನ್ನು ನೋಡಬೇಕು. ಅದು ತನ್ನ ಮೂರು ಆರ್ಗ್ಯುಮೆಂಟುಗಳನ್ನು ಬಿಡಿಬಿಡಿಯಾಗಿ ಪಡೆಯುತ್ತದೆ. ಆದರೆ ಅದಕ್ಕೆ ನಾವು ಕೊಡುವ ಫಲನವು ಪಟ್ಟಿಯ ಅಂಶವನ್ನೂ ಅದುವರೆಗಿನ ಸಂಚಯವನ್ನೂ ಜೋಡಿಯಾಗಿ ಪಡೆಯಬೇಕು. ಇದನ್ನು ಅಸಂಗತವೆನ್ನುವವರುಂಟು. ನಮಗೆ ಇದರಲ್ಲಿ ವಿವೇಕ ಕಾಣುತ್ತದೆ. ಸಂಕಲನವನ್ನೂ ಸೊನ್ನೆಯನ್ನೂ ಈಗಲೇ ಕೊಟ್ಟು, ಪಟ್ಟಿಯನ್ನು ನಾಳೆಗೆ ಉಳಿಸಿಕೊಂಡರೆ ಮೊತ್ತ ಮಾಡುವ ಫಲನವೇ ಸಿದ್ಧವಾಗುತ್ತದೆ. ಅಂಶ ಮತ್ತು ಸಂಚಯಗಳಾದರೋ ಹೆಜ್ಜೆಹೆಜ್ಜೆಗೂ ಕೂಡಿಯೇ ಬರುತ್ತವೆ. ಒಂದನ್ನು ಕೊಟ್ಟು ಮತ್ತೊಂದಕ್ಕೆ ಕಾಯುವ ಪ್ರಸಂಗ ಅಲ್ಲಿಲ್ಲ. ಅದೇ ಗ್ರಂಥಾಲಯದಲ್ಲಿ ಎರಡು ಪದಗಳನ್ನು ಹೋಲಿಸುವ ‘ಕಂಪೇರ್’ ಜೋಡಿಯನ್ನು ಬೇಡುತ್ತದೆ. ಒಂದು ಪದದ ಆರಂಭದಲ್ಲಿ ಇನ್ನೊಂದು ಇದೆಯೇ ಎಂದು ನೋಡುವ ‘ಈಸ್‌ಪ್ರಿಫಿಕ್ಸ್’ ಬಿಡಿಯಾಗಿ ಬೇಡುತ್ತದೆ.

ವೇಗದ ವಾದವನ್ನು ಬದಿಗಿಡಬಹುದು. ಬಿಡಿ ಆರ್ಗ್ಯುಮೆಂಟುಗಳನ್ನು ಅಗ್ಗವಾಗಿ ಸಾಗಿಸುವ ಯಂತ್ರರಚನೆಯನ್ನು ಜೇವಿಯರ್ ಲೆರಾಯ್ 1990ರಲ್ಲಿಯೇ ವಿವರಿಸಿದರು. ಟ್ಯೂಪಲನ್ನು ಬಿಚ್ಚಿ ಸಾಗಿಸುವ ಕಂಪೈಲರುಗಳೂ ಇವೆ.

ಆದರೆ ಓಕ್ಯಾಮಲ್‌ನ ಒಂದು ಪದ್ಧತಿಯನ್ನು ನಾವು ಒಪ್ಪಲಾರೆವು. ಎರಡು ಅಂಗಗಳ ಕನ್‌ಸ್ಟ್ರಕ್ಟರನ್ನು ಅಲ್ಲಿ ಜೋಡಿಯಂತೆಯೇ ಬರೆಯುತ್ತಾರೆ, ಅದು ಜೋಡಿಯಲ್ಲ. ಮೊದಲೇ ಹೆಸರಿಟ್ಟ ಜೋಡಿಯನ್ನು ಅದಕ್ಕೆ ಒಪ್ಪಿಸಿದರೆ ಕಂಪೈಲರ್ ನಿರಾಕರಿಸುತ್ತದೆ. ಘೋಷಣೆಯಲ್ಲಿ ಒಂದು ಆವರಣ ಸೇರಿಸಿದರೆ ಸಮ್ಮತಿಸುತ್ತದೆ.