ಕಣ್ಣು ಮಗುವಿನದು, ಕೈ ಹಿರಿಯರದು

ಶಿರೋಳ ತಾಲ್ಲೂಕಿನ ಜಯಸಿಂಗಪುರದ ಸುತ್ತ ಕಬ್ಬಿನ ಗದ್ದೆಗಳು. ಮರಾಠಿಯ ಜೊತೆಗೆ ಕನ್ನಡವನ್ನೂ ಆಡುವ ಈ ಸೀಮೆಯಲ್ಲಿ ಹೊಲ, ಮನೆಗಳ ಕಾವಲಿಗೆ ನಾಯಿ ಇರುತ್ತದೆ. ಅದರ ತಟ್ಟೆಗೆ ಹಾಲಿನಲ್ಲಿ ನೆನೆಸಿದ ರೊಟ್ಟಿ ಬೀಳುತ್ತದೆ. ಬಾಯಿ ನಾರತೊಡಗಿದರೆ, ನಾಯಿಯ ಬಾಯಲ್ಲವೇ ಎಂದು ಮನೆಯವರು ಸುಮ್ಮನಾಗುತ್ತಾರೆ. ನಾಯಿಗೆ ನೋವು ಶುರುವಾಗುವುದೇ ಈ ಸುಮ್ಮನಿರುವಿಕೆಯಿಂದ.

ನಾಯಿಯ ಜೊಲ್ಲು ಕ್ಷಾರೀಯ. ಆದ್ದರಿಂದ ಅದಕ್ಕೆ ಹುಳುಕು ಹಲ್ಲು ಕಡಿಮೆ, ಗಾರೆ ಜಾಸ್ತಿ. ಹಲ್ಲಿಗಂಟಿದ ಪಾಚಿ ಎರಡು ಮೂರು ದಿನದಲ್ಲೇ ಗಟ್ಟಿಯಾಗಿ ಗಾರೆಯಾಗತೊಡಗುತ್ತದೆ. ಆಮೇಲೆ ಬ್ರಷ್ ಕೆಲಸ ಮಾಡುವುದಿಲ್ಲ, ಪಶುವೈದ್ಯರು ಅರಿವಳಿಕೆ ಕೊಟ್ಟು ಕೆರೆಯಬೇಕು. ಮೇಲ್ದವಡೆಯ ಹಿಂದಿನ ದೊಡ್ಡ ಹಲ್ಲಿನ ಹೊರಮೈಯಲ್ಲಿ ಗಾರೆ ಬೇಗ ಕೂರುತ್ತದೆ, ಜೊಲ್ಲಿನ ನಾಳ ತೆರೆಯುವುದು ಅಲ್ಲಿಯೇ.

ಉದ್ದ ಮೂತಿಯ ಬೇಟೆನಾಯಿ ಸಾಕಿದವರು ಇನ್ನಷ್ಟು ಎಚ್ಚರವಾಗಿರಬೇಕು. ಬ್ರಿಟನ್ನಿನಲ್ಲಿ 2016ರ ಪಶುವೈದ್ಯ ದಾಖಲೆಗಳನ್ನು ಪರಿಶೀಲಿಸಿದಾಗ ಗ್ರೇಹೌಂಡ್‌ಗಳಲ್ಲಿ ನೂರಕ್ಕೆ 39ರಷ್ಟಕ್ಕೆ ವಸಡಿನ ರೋಗವಿತ್ತು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಮ್ಮ ಮುಧೋಳ ನಾಯಿಯೂ ಅದೇ ಮೈಕಟ್ಟಿನದು.

ಈಗ ಅಂಗಡಿಗಳಲ್ಲಿ ನಾಯಿಯ ಹಲ್ಲುಜ್ಜಲು ಬೆರಳಿಗೆ ತೊಡಿಸುವ ಬ್ರಷ್ ಸಿಗುತ್ತದೆ, ಅದನ್ನು ಮಕ್ಕಳ ಕೈಗೆ ಕೊಟ್ಟು ಹೊಣೆ ಕಲಿಸುವ ರೂಢಿಯೂ ಬೆಳೆಯುತ್ತಿದೆ. ಈ ರೂಢಿಯ ಹಿಂದಿನ ಆಸೆ ಒಳ್ಳೆಯದು. ಆರು ವರ್ಷದ ಮಗುವಿನ ಹಾಲುಹಲ್ಲು ಅಲುಗಾಡುವ ಹೊತ್ತಿಗೆ ಮನೆಯಲ್ಲಿ ನಾಲ್ಕು ತಿಂಗಳ ಮರಿಯಿದ್ದರೆ ಅದರ 28 ಹಾಲುಹಲ್ಲುಗಳೂ ಉದುರುತ್ತಿರುತ್ತವೆ. ಅವು ಹೋಗಿ 42 ಹಲ್ಲು ಬರುವುದನ್ನು ಎಣಿಸುವ ಮಗುವಿಗೆ ಪಾಠ ಬೇರೆ ಬೇಕಿಲ್ಲ. ಆದರೆ ಮಗುವಿನ ಬೆರಳನ್ನು ನಾಯಿಯ ಬಾಯೊಳಗೆ ಹಾಕಿಸುವುದು ತಪ್ಪು. ವಸಡು ನೋಯುವ ನಾಯಿ ಎಷ್ಟೇ ಸಾಧುವಾದರೂ ಕಚ್ಚಬಹುದು, ಮಗುವಿನ ಮುಖವೂ ಅದರ ಬಾಯಿಗೆ ಸರಿಸಮ ಎತ್ತರದಲ್ಲಿರುತ್ತದೆ. ಹುಚ್ಚು ಹಿಡಿದಿರಬಹುದಾದ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ 40 ಮಂದಿ 15 ವರ್ಷದೊಳಗಿನವರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಯಿಗೆ ರೇಬಿಸ್ ಲಸಿಕೆ ಮೊದಲು, ಬ್ರಷ್ ಆಮೇಲೆ.

ಆದ್ದರಿಂದ ಕೆಲಸವನ್ನು ಹಂಚಿಕೊಳ್ಳಬೇಕು. ತುಟಿ ಎತ್ತಿ ಹಲ್ಲಿನ ಹೊರಮೈಯನ್ನು ಉಜ್ಜುವುದು ಅಪ್ಪನೋ ಅವ್ವನೋ. ಪಕ್ಕದಲ್ಲಿ ನಿಂತು ನೋಡುವುದು ಮಗು: ವಸಡು ಕೆಂಪಾಗಿದೆಯೇ, ನಾಯಿ ಒಂದೇ ಕಡೆ ಅಗಿಯುತ್ತಿದೆಯೇ, ಹಲ್ಲು ಹಳದಿಗೆ ತಿರುಗಿದೆಯೇ. ನೋಡಿದ್ದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡುವುದೂ ಅದರದೇ ಕೆಲಸ. ಹಿರಿಯರು ಮರೆಯುವುದನ್ನು ಮಗು ಮರೆಯುವುದಿಲ್ಲ.

ನಮ್ಮ ಪೇಸ್ಟ್ ಮಾತ್ರ ಬೇಡವೇ ಬೇಡ. ನಾಯಿಗೆ ಉಗುಳಲು ಬಾರದು, ನುಂಗುತ್ತದೆ. ಕೆಲವು ಪೇಸ್ಟ್‌ಗಳಲ್ಲಿರುವ ಕ್ಸೈಲಿಟಾಲ್ ಅದರ ರಕ್ತದ ಸಕ್ಕರೆಯನ್ನು ಏಕಾಏಕಿ ಇಳಿಸಿ ಪ್ರಾಣಕ್ಕೇ ಎರವಾಗಬಲ್ಲದು. ಎಲುಬು ಕಡಿದರೆ ಹಲ್ಲು ತಾನೇ ಸ್ವಚ್ಛವಾಗುತ್ತದೆಂಬ ನಂಬಿಕೆಯನ್ನೂ ಬಿಡಬೇಕು, ಗಟ್ಟಿ ಎಲುಬಿಗೆ ಮೇಲ್ದವಡೆಯ ಆ ದೊಡ್ಡ ಹಲ್ಲೇ ಸೀಳುತ್ತದೆ. ಉಗುರೊತ್ತಿದರೆ ಗುರುತು ಬೀಳದ ಯಾವ ವಸ್ತುವನ್ನೂ ನಾಯಿಗೆ ಅಗಿಯಲು ಕೊಡಬೇಡಿ.